ದುಡ್ಡು ಕೈಗೆ ಬಂದ ಮೇಲೆ ಬರುವ ಸಲಹೆಗಾರ

2007ರಲ್ಲಿ ಅಪ್ಪ ದಾವಣಗೆರೆಯ ಕಾರ್ಖಾನೆಯೊಂದರಿಂದ ನಿವೃತ್ತರಾದರು. ಪಿಎಫ್ ಹಣ ಖಾತೆಗೆ ಬಂದು ಎರಡು ವಾರ ಆಗಿರಲಿಲ್ಲ, ಪರಿಚಿತರೊಬ್ಬರು ಮನೆಗೆ ಬಂದರು. ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ, "ಯಜಮಾನ್ರೇ, ಬ್ಯಾಂಕ್‌ನಾಗ ಇಟ್ರೆ ಏನ್ ಬರುತ್ತೆ? ಒಂದ್ಸಲ ಇದ್ರಾಗ ಹಾಕ್ರಿ, ಮತ್ತೆ ನೋಡೋದೇ ಬ್ಯಾಡ" ಎಂದರು. ಅಪ್ಪ ಒಂದು ಲಕ್ಷ ಕೊಟ್ಟರು. ಅದು ವಿಮೆಯನ್ನೂ ಷೇರುಪೇಟೆ ಹೂಡಿಕೆಯನ್ನೂ ಬೆಸೆದ, ವರ್ಷ ವರ್ಷವೂ ಕಂತು ಕಟ್ಟಬೇಕಾದ ಯುಲಿಪ್ ಪಾಲಿಸಿ ಎಂಬುದು ತಿಳಿದದ್ದು ಎರಡನೇ ವರ್ಷದ ನೋಟಿಸು ಬಂದಾಗ. ಅಷ್ಟರಲ್ಲಿ 2008ರ ಷೇರುಪೇಟೆ ಕುಸಿತ ಬೇರೆ. ಅವರು ಯಾರಿಗೂ ಹೇಳದೆ ಆ ಕಾಗದವನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದರು. ನನಗೆ ಸಿಕ್ಕಿದ್ದು ಮೂರು ವರ್ಷದ ಮೇಲೆ.

ಈಗ ನಾನಿರುವುದು ಒಹಾಯೊ ರಾಜ್ಯದ ಡೇಟನ್ ಹತ್ತಿರ. ಯಂತ್ರದ ಬಿಡಿಭಾಗ ಮಾಡುವ, 86 ಜನರ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. 2023ರಲ್ಲಿ ಮಾಲೀಕರು ನನ್ನನ್ನೂ ಇನ್ನಿಬ್ಬರನ್ನೂ ಕರೆದು, ನೌಕರರ ನಿವೃತ್ತಿ ಯೋಜನೆಗೆ, ಅಂದರೆ 401(ಕೆ)ಗೆ, ಹೊಸ ಸಲಹೆಗಾರರನ್ನು ಆರಿಸಿ ಎಂದರು. ಆ ನಾಲ್ಕು ತಿಂಗಳು ಅಪ್ಪನ ಬೀರುವಿನ ಆ ಕಾಗದ ಕಣ್ಣ ಮುಂದೆಯೇ ಇತ್ತು.

ನಮ್ಮ ಕಡೆ ಕಂಪನಿಗೆ ಇಂಥ ತಲೆನೋವು ಇಲ್ಲ. 1952ರ ಕಾಯ್ದೆಯಿಂದ ಬಂದ ಪಿಎಫ್ ಪದ್ಧತಿಯಲ್ಲಿ ನೌಕರನಿಂದ ನೂರಕ್ಕೆ 12, ಮಾಲೀಕನಿಂದ 12. ಮಾಲೀಕನ ಪಾಲಿನಲ್ಲಿ 8.33 ಭಾಗ, 15,000 ರೂಪಾಯಿ ಸಂಬಳದ ಮಿತಿಗೆ ಒಳಪಟ್ಟು, ಪಿಂಚಣಿಗೆ ಹೋಗುತ್ತದೆ. ಜನರಲ್ ಮ್ಯಾನೇಜರನಿಗೂ ಹೆಲ್ಪರನಿಗೂ ಬಡ್ಡಿ ಒಂದೇ. 2023-24ಕ್ಕೆ ಅದು ನೂರಕ್ಕೆ 8.25 ಇತ್ತು. ಯಾವ ಫಂಡು, ಎಷ್ಟು ಷೇರು ಎಂದು ಯಾರೂ ಕೇಳುವುದಿಲ್ಲ. ಇದು ಸಣ್ಣ ಭಾಗ್ಯವಲ್ಲ. ಅಮೆರಿಕದಲ್ಲಿ ಯಂತ್ರದ ಮುಂದೆ ಎಂಟು ಗಂಟೆ ನಿಂತು ಬಂದವನ ಕೈಗೆ ಇಪ್ಪತ್ತು ಫಂಡುಗಳ ಪಟ್ಟಿ ಕೊಟ್ಟು "ಆರಿಸಿಕೋ" ಎನ್ನುತ್ತಾರೆ. ಅದನ್ನು ನೋಡಿದಾಗೆಲ್ಲ ಪಿಎಫ್‌ನ ಸರಳತೆಯೇ ದೊಡ್ಡದು ಅನ್ನಿಸಿದೆ.

ಆದರೆ ಪಿಎಫ್‌ನಲ್ಲಿ ಒಂದು ಕೊರತೆ ಇದೆ. ಮೂವತ್ತು ವರ್ಷ ಯಾರ ಸಲಹೆಯೂ ಇಲ್ಲದೆ ಹಣ ಬೆಳೆಯುತ್ತದೆ. ಇಡುಗಂಟು ಕೈಗೆ ಬಂದ ದಿನ, ಇಡೀ ಜೀವನದಲ್ಲಿ ಅಷ್ಟು ದುಡ್ಡು ಒಟ್ಟಿಗೆ ನೋಡಿರದವನು ಒಂಟಿಯಾಗುತ್ತಾನೆ. ಆಗ ಕರೆಯದೆ ಬರುವವನೇ ಸಲಹೆಗಾರ. ಇಲ್ಲಿ ಹಾಗಲ್ಲ, ಸಲಹೆಗಾರ ಮೊದಲ ದಿನದಿಂದ ಇರುತ್ತಾನೆ. ಅವನನ್ನು ಆರಿಸುವ ಹೊಣೆ ಕಂಪನಿಯದು, ಆ ಹೊಣೆಗೆ ಕಾನೂನಿನ ಬಿಗಿ ಇದೆ.

ಆ ಬಿಗಿ ಬಂದದ್ದು ಒಂದು ದೊಡ್ಡ ಪೆಟ್ಟಿನಿಂದ. ನಮ್ಮ ಪಕ್ಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ ಸ್ಟೂಡಬೇಕರ್ ಕಾರು ಕಂಪನಿ 1963ರ ಡಿಸೆಂಬರಿನಲ್ಲಿ ಕಾರ್ಖಾನೆ ಮುಚ್ಚಿತು. ಪಿಂಚಣಿ ನಿಧಿಯಲ್ಲಿ ಸಾಕಷ್ಟು ಹಣ ಇರಲಿಲ್ಲ. ಅರವತ್ತು ದಾಟಿದವರಿಗೆ ಪೂರ್ತಿ ಸಿಕ್ಕಿತು. ನಲವತ್ತರಿಂದ ಐವತ್ತೊಂಬತ್ತರ ಒಳಗಿನ ಸುಮಾರು 4,000 ಜನರಿಗೆ ಬರಬೇಕಾದದ್ದರಲ್ಲಿ ನೂರಕ್ಕೆ 15 ಮಾತ್ರ, ಅವರಿಗಿಂತ ಚಿಕ್ಕವರಿಗೆ ಏನೂ ಇಲ್ಲ. ಆ ಗಾಯ ಹತ್ತು ವರ್ಷ ಚರ್ಚೆಯಾಗಿ 1974ರಲ್ಲಿ ಎರಿಸಾ ಕಾಯ್ದೆ ಬಂತು. ನೌಕರರ ನಿವೃತ್ತಿ ಹಣದ ಬಗ್ಗೆ ತೀರ್ಮಾನ ಮಾಡುವವರು ನೌಕರರ ಹಿತವನ್ನು ಮಾತ್ರ ನೋಡಬೇಕು, ತಪ್ಪಿದರೆ ನಷ್ಟವನ್ನು ಸ್ವಂತ ಜೇಬಿನಿಂದ ತುಂಬಬೇಕು ಎಂದು ಅದು ಹೇಳುತ್ತದೆ. ಇಂಥವರನ್ನು ಇಲ್ಲಿ ಫಿಡ್ಯೂಷಿಯರಿ ಎನ್ನುತ್ತಾರೆ. ನಮ್ಮಲ್ಲಿ ಧರ್ಮದರ್ಶಿ ಎಂಬ ಮಾತು ಅದಕ್ಕೆ ಹತ್ತಿರ. ಸಲಹೆಗಾರರನ್ನು ಆರಿಸುವ ನಮ್ಮ ಮೂವರ ಸಮಿತಿಗೆ ಸೇರಿದ ದಿನ ನಾನೂ ಹಾಗೆ ಆದೆ. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: "ನಮ್ಮನೆ ಮೇಲೂ ಬರುತ್ತೇನ್ರೀ?"

ಮೊದಲು ಬಂದವರು ಹದಿನಾಲ್ಕು ವರ್ಷದಿಂದ ಇದ್ದ ಹಳೆಯ ಸಲಹೆಗಾರರೇ, ಮಾಲೀಕರ ಸ್ನೇಹಿತರು. "ನಿಮ್ಮಿಂದ ನಾನು ಒಂದು ಡಾಲರ್ ಕೂಡ ತೆಗೆದುಕೊಂಡಿಲ್ಲ" ಎಂದರು. ಆ ಮಾತು ನಿಜವೇ ಆಗಿತ್ತು. ಅವರ ಹಣ ಬರುತ್ತಿದ್ದದ್ದು ಫಂಡುಗಳ ಒಳಗಿನಿಂದ, 12ಬಿ-1 ಎಂಬ ಶುಲ್ಕದ ರೂಪದಲ್ಲಿ. ಅಂದರೆ ನೌಕರರ ಉಳಿತಾಯದಿಂದಲೇ, ಅವರಿಗೆ ಗೊತ್ತಾಗದಂತೆ. 2012ರ ಜುಲೈಯಿಂದ, ಇಂಥ ಸೇವೆ ಕೊಡುವವರು ನೇರವಾಗಿಯೂ ಬಳಸುದಾರಿಯಲ್ಲಿಯೂ ಎಷ್ಟು ಪಡೆಯುತ್ತಾರೆ ಎಂದು ಕಂಪನಿಗೆ ಬರೆದುಕೊಡಬೇಕು. ಆ ಕಾಗದ ನಮ್ಮ ಕಡತದಲ್ಲೇ ಇತ್ತು. ಯಾರೂ ಓದಿರಲಿಲ್ಲ. ಅವರೊಬ್ಬರದ್ದೇ ತಪ್ಪು ಎಂದು ನಾನು ಹೇಳಲಾರೆ, ಓದಬೇಕಾದವರು ನಾವು.

ಶೇಕಡಾ ಒಂದು ಎಂದರೆ ಏನು ಮಹಾ ಎಂದು ಯಾರಿಗಾದರೂ ಅನ್ನಿಸಬಹುದು. ಇಲ್ಲಿನ ಕಾರ್ಮಿಕ ಇಲಾಖೆಯೇ ಒಂದು ಲೆಕ್ಕ ಕೊಡುತ್ತದೆ. ಇವತ್ತು 25,000 ಡಾಲರ್ ಇದ್ದವನು ಮತ್ತೇನೂ ಸೇರಿಸದೆ 35 ವರ್ಷ ಬಿಟ್ಟ, ವರ್ಷಕ್ಕೆ ನೂರಕ್ಕೆ 7 ಬೆಳೆಯಿತು ಎನ್ನಿ. ಶುಲ್ಕ ಅರ್ಧ ಶೇಕಡಾ ಆದರೆ ಕೊನೆಗೆ 2,27,000 ಡಾಲರ್. ಒಂದೂವರೆ ಶೇಕಡಾ ಆದರೆ 1,63,000. ಆ ಒಂದು ಶೇಕಡಾ ಮುಪ್ಪಿನ ಹಣದಲ್ಲಿ ನೂರಕ್ಕೆ 28 ಭಾಗವನ್ನು ನುಂಗಿತು.

ಎರಡನೆಯವರು ದೊಡ್ಡ ಸಂಸ್ಥೆಯವರು, ದಪ್ಪ ಪುಸ್ತಕ ತಂದಿದ್ದರು. ಶುಲ್ಕ ಅರ್ಧ ಶೇಕಡಾ. ನಮ್ಮ ಯೋಜನೆಯಲ್ಲಿ ಆಗ 60 ಲಕ್ಷ ಡಾಲರ್ ಇತ್ತು, ಅಲ್ಲಿಗೆ ವರ್ಷಕ್ಕೆ 30,000. ಹಣ ಇಮ್ಮಡಿಯಾದರೆ ಶುಲ್ಕವೂ ಇಮ್ಮಡಿ, ಕೆಲಸ ಮಾತ್ರ ಅಷ್ಟೇ. ಎರಿಸಾದ 3(21)ರಂತೆ ಸಲಹೆ ಕೊಟ್ಟು ತೀರ್ಮಾನವನ್ನು ನಮಗೆ ಬಿಡುತ್ತೀರೋ, 3(38)ರಂತೆ ಫಂಡು ಆರಿಸುವ ಹೊಣೆಯನ್ನು ನೀವೇ ಹೊರುತ್ತೀರೋ ಎಂದು ಕೇಳಿದೆವು. ಬರಹದಲ್ಲಿ ಉತ್ತರ ಬರಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ನಮಗೆ ಆಸಕ್ತಿ ಹೋಗಿತ್ತು.

ಮೂರನೆಯವಳು ನಾಲ್ಕು ಜನರ ಸಣ್ಣ ಕಚೇರಿ ನಡೆಸುವ ಹೆಂಗಸು. ಫಂಡಿನ ಮಾತೇ ಎತ್ತಲಿಲ್ಲ. ಕೂತ ತಕ್ಷಣ, "ನಿಮ್ಮಲ್ಲಿ ಈ ಯೋಜನೆಗೆ ಸೇರದವರು ಎಷ್ಟು ಜನ? ಯಾರು ಅವರು?" ಎಂದು ಕೇಳಿದಳು. ನಮಗೆ ಗೊತ್ತಿರಲಿಲ್ಲ. ಹುಡುಕಿದರೆ 31 ಜನ, ಹೆಚ್ಚಿನವರು ರಾತ್ರಿ ಪಾಳಿಯವರು, ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವವರು. ಹದಿನಾಲ್ಕು ವರ್ಷದ ಸಭೆಗಳೆಲ್ಲ ನಡೆದದ್ದು ಮಧ್ಯಾಹ್ನ, ಇಂಗ್ಲಿಷಿನಲ್ಲಿ.

ನಮ್ಮ ಹುಡುಗನೊಬ್ಬ, ಹಾಸನದ ಕಡೆಯವನು, ಎಚ್-1ಬಿ ವೀಸಾದ ಮೇಲೆ ಇರುವವನು, ಅವಳ ಹತ್ತಿರ ಕೇಳಿದ: "ನಾಲ್ಕು ವರ್ಷಕ್ಕೆ ಊರಿಗೆ ವಾಪಸ್ ಹೋದರೆ ನನ್ನ ಹಣದ ಗತಿ ಏನು?" ಇದೇ ಪ್ರಶ್ನೆಗೆ ಹಿಂದಿನ ಇಬ್ಬರೂ ಮುಗುಳ್ನಕ್ಕು "ಅದೇನೂ ತೊಂದರೆ ಇಲ್ಲ" ಎಂದಿದ್ದರು. ತೊಂದರೆ ಇದೆ. ಕಂಪನಿ ಕೊಡುವ ಪಾಲು ಮೂರು ವರ್ಷ ತುಂಬುವವರೆಗೆ ನಮ್ಮಲ್ಲಿ ನೌಕರನದಾಗುವುದಿಲ್ಲ. 59½ ವಯಸ್ಸಿಗೆ ಮುಂಚೆ ತೆಗೆದರೆ ಸಾಮಾನ್ಯವಾಗಿ ತೆರಿಗೆಯ ಜೊತೆಗೆ, ತೆಗೆದ ಹಣಕ್ಕೆ ನೂರಕ್ಕೆ ಹತ್ತು ದಂಡ. ಅಮೆರಿಕ ಸರ್ಕಾರದ ಪಿಂಚಣಿ ವ್ಯವಸ್ಥೆಯಾದ ಸೋಷಿಯಲ್ ಸೆಕ್ಯುರಿಟಿಗೆ ಕಟ್ಟಿದ ಹಣದ ವಿಷಯದಲ್ಲಿ ಭಾರತಕ್ಕೂ ಅಮೆರಿಕಕ್ಕೂ ಒಪ್ಪಂದವೇ ಇಲ್ಲ. ಆಕೆ ಇಷ್ಟನ್ನು ಹೇಳಿ, "ಭಾರತದ ತೆರಿಗೆ ನನಗೆ ಗೊತ್ತಿಲ್ಲ. ಶುಕ್ರವಾರದೊಳಗೆ ತಿಳಿದವರನ್ನು ಕೇಳಿ ಬರೆಯುತ್ತೇನೆ" ಎಂದಳು. ಬರೆದಳು ಕೂಡ. ವಾಪಸ್ ಹೋಗಿ ಅಲ್ಲಿನ ನಿವಾಸಿಯಾದವರು ಇಂಥ ಖಾತೆಯ ಗಳಿಕೆಗೆ ವರ್ಷ ವರ್ಷ ತೆರಿಗೆ ಕಟ್ಟದೆ ತೆಗೆಯುವಾಗ ಕಟ್ಟಲು ಅವಕಾಶ ಕೊಡುವ, 2021ರಲ್ಲಿ ಭಾರತದ ಆದಾಯ ತೆರಿಗೆ ಕಾಯ್ದೆಗೆ ಬಂದ 89ಎ ವಿಧಿಯ ವಿವರ ಅದರಲ್ಲಿತ್ತು. "ಗೊತ್ತಿಲ್ಲ" ಎಂದ ಆ ಕ್ಷಣದಲ್ಲೇ ನನ್ನ ಮತ ಅವಳಿಗೆ ಬಿದ್ದಿತ್ತು.

ಅವಳನ್ನೇ ಆರಿಸಿದೆವು. ಶುಲ್ಕ ವರ್ಷಕ್ಕೆ 18,000 ಡಾಲರ್, ಹಣ ಹೆಚ್ಚಲಿ ಕಡಿಮೆಯಾಗಲಿ. ಬೇರೆ ಎಲ್ಲಿಂದಲೂ ಏನೂ ಪಡೆಯುವುದಿಲ್ಲ ಎಂಬ ಸಹಿ. 3(38)ರ ಹೊಣೆ ಅವಳದೇ. ಹಾಗೆಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ, ಅವಳ ಕೆಲಸವನ್ನು ಪರಿಶೀಲಿಸುತ್ತಿರುವುದು ನಮ್ಮ ಪಾಲಿನ ಹೊಣೆ. ಮೊದಲ ಸಭೆ ರಾತ್ರಿ ಹನ್ನೊಂದಕ್ಕೆ, ಸ್ಪ್ಯಾನಿಷ್ ಬಲ್ಲ ಸಹಾಯಕನ ಜೊತೆ. ಆ 31ರಲ್ಲಿ 22 ಜನ ಸೇರಿದರು.

ಇಷ್ಟು ನೋಡಿದ ಮೇಲೆ ನನಗೆ ಅನ್ನಿಸುವುದು, ಪಿಎಫ್ ಹೀಗೆಯೇ ಇರಲಿ. ಅದನ್ನು ಕಿತ್ತು ಇಲ್ಲಿನ ಫಂಡು ಪಟ್ಟಿಯನ್ನು ಅಲ್ಲಿಗೆ ಒಯ್ಯುವುದು ಬೇಡವೇ ಬೇಡ. ಆದರೆ ನೌಕರ ನಿವೃತ್ತನಾಗುವ ಕೊನೆಯ ವರ್ಷದಲ್ಲಿ, ಶುಲ್ಕ ಮಾತ್ರ ಪಡೆದು ಕಮಿಷನ್ ಮುಟ್ಟದ ಸಲಹೆಗಾರರೊಬ್ಬರ ಎದುರು ಅವನನ್ನೂ ಅವನ ಮನೆಯವರನ್ನೂ ಕೂರಿಸುವ ಕೆಲಸ ಕಂಪನಿಯದಾಗಬೇಕು. ಸಲಹೆ ಕೊಡುವವನು ಬೇರೆ, ಮಾರುವವನು ಬೇರೆ ಎಂಬ ಗೆರೆಯನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2013ರಲ್ಲೇ ನಿಯಮ ಮಾಡಿ ಎಳೆದಿದೆ. ಯುಲಿಪ್ ಶುಲ್ಕಗಳಿಗೂ 2010ರಲ್ಲಿ ಕಡಿವಾಣ ಬಿತ್ತು. ನಿಯಮಗಳು ಇವೆ, ಅವನ್ನು ಕಾರ್ಮಿಕನ ಮನೆ ಬಾಗಿಲಿಗೆ ತಲುಪಿಸುವವರು ಇಲ್ಲ.

ನನ್ನ ಹೆಂಡತಿಯ ತಮ್ಮನಿಗೆ ಪೀಣ್ಯದಲ್ಲಿ 24 ಜನರ ವರ್ಕ್‌ಶಾಪ್ ಇದೆ. ಬರುವ ವರ್ಷ ಇಬ್ಬರಿಗೆ 58 ತುಂಬುತ್ತದೆ. ಅವರಿಗಾಗಿ ಇಂಥವರೊಬ್ಬರನ್ನು ಹುಡುಕು, ಶುಲ್ಕ ನೀನೇ ಕೊಡು ಎಂದೆ. "ಅದಕ್ಕೂ ದುಡ್ಡು ಕೊಡ್ಬೇಕಾ ಭಾವ? ನಮ್ಮ ಬ್ಯಾಂಕ್ ಮ್ಯಾನೇಜರ್ ಪುಕ್ಕಟೆ ಹೇಳ್ತಾರಲ್ಲ" ಎಂದ. ವಾದ ಮಾಡಲಿಲ್ಲ. ಅಪ್ಪನ ಪಾಲಿಸಿ ಕಾಗದ ಈಗ ನನ್ನ ಹತ್ತಿರ ಇದೆ. ಒಂದು ಲಕ್ಷದ ಮೊದಲ ಕಂತಿನಲ್ಲಿ 30,000 ರೂಪಾಯಿ ಕಡಿತವಾದದ್ದನ್ನು ಬರೆದಿರುವ ಪುಟದ ಫೋಟೊ ತೆಗೆದು ಅವನಿಗೆ ಕಳಿಸಿದೆ.

ಮರುದಿನ ಬೆಳಿಗ್ಗೆ ಅವನದೇ ಫೋನ್. ನೋಂದಾಯಿತ ಸಲಹೆಗಾರರ ಪಟ್ಟಿ ಸೆಬಿ ವೆಬ್‌ಸೈಟಿನಲ್ಲಿ ಎಲ್ಲಿದೆ ಎಂದು ಕೇಳಿದ.