ಎಂಪೋರಿಯಂ ದಾರಿಯಲ್ಲಿ ಸಿಕ್ಕ ತಾಜ್ ಮಹಲ್

ಆಗ್ರಾಕ್ಕೆ ಹೋಗಿ ಬಂದವರ ಫೋಟೋಗಳನ್ನು ನೋಡಿ. ತಾಜ್ ಗುಮ್ಮಟದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನಿಂತಿರುತ್ತಾರೆ, ಮದುವೆ ಮನೆಯಲ್ಲಿ ಲಾಡು ಎತ್ತಿದ ಹಾಗೆ. ಆದರೆ ಅವತ್ತು ಅವರು ಜಾಸ್ತಿ ಹೊತ್ತು ಕಳೆದ ಜಾಗದ ಫೋಟೋ ಮಾತ್ರ ಒಂದೂ ಇರುವುದಿಲ್ಲ. ಅಲ್ಲಿ ಫೋಟೋ ತೆಗೆಯಲು ಬಿಡಲ್ಲ. ಅದು ಮಾರ್ಬಲ್ ಅಂಗಡಿ.

ನಿಮಗೂ ಆಗಿರುತ್ತೆ ಬಿಡಿ. ನೆಂಟರ ಮದುವೆಗೆಂದು ದೆಹಲಿಗೆ ಹೋದ ನಾವು ಒಂದು ದಿನ ಮಿಗಿಸಿಕೊಂಡು ‘ಪ್ರೈವೇಟ್ ಗೈಡೆಡ್ ಡೇ ಟೂರ್’ ಬುಕ್ ಮಾಡಿದೆವು. ಪಟ್ಟಿಯಲ್ಲಿ ತಾಜ್, ಆಗ್ರಾ ಕೋಟೆ, ಇತಿಮಾದ್ ಉದ್ ದೌಲಾ ಗೋರಿ, ಸಿಕಂದ್ರಾದ ಅಕ್ಬರ್ ಸಮಾಧಿ, ಫತೇಪುರ್ ಸಿಕ್ರಿ ಎಲ್ಲವೂ ಇದ್ದವು. ಎಲ್ಲ ಒಂದೇ ದಿನದಲ್ಲಿ. ಅಕ್ಬರ್ ಸಿಕ್ರಿ ಕಟ್ಟಿಸಲು ಶುರು ಮಾಡಿದ್ದು 1571ರಲ್ಲಿ, ಬಿಟ್ಟು ಹೋದದ್ದು 1585ರಲ್ಲಿ. ಅಷ್ಟು ವರ್ಷದ ಊರನ್ನು ನಾವು ಸಂಜೆ ಟೀಗೆ ಮುಂಚೆ ಮುಗಿಸುವವರಿದ್ದೆವು.

ನಾನು ಮೊದಲು ಕೇಳಿದ್ದು ಶುಕ್ರವಾರಕ್ಕೆ. ಕಂಪನಿಯವರು ‘ಓಕೆ ಸರ್’ ಎಂದು ದುಡ್ಡು ಹಾಕಿಸಿಕೊಂಡರು. ಶುಕ್ರವಾರ ತಾಜ್ ಮುಚ್ಚಿರುತ್ತದೆ ಎಂದು ಹೇಳಿದ್ದು ನನ್ನ ಹೆಂಡತಿ. ಫೋನ್ ಮಾಡಿ ಕೇಳಿದರೆ, ‘ಹೌದು ಸರ್, ಮುಚ್ಚಿರುತ್ತೆ. ಆಚೆ ದಡದಿಂದ ತೋರಿಸ್ತೀವಿ’ ಎಂದರು. ಮದುವೆಗೆ ಕರೆದು ಛತ್ರದ ಗೇಟು ತೋರಿಸಿ ಕಳಿಸುವ ಹಾಗೆ. ಶನಿವಾರಕ್ಕೆ ಬದಲಾಯಿಸಿದೆವು. ಬದಲಾಯಿಸಿದ್ದಕ್ಕೂ ಚಾರ್ಜು.

ಬೆಳಗಿನ ಜಾವ ಮೂರಕ್ಕೆ ಬರಬೇಕಿದ್ದ ಕಾರು ಐದಕ್ಕೆ ಬಂತು. ಯಮುನಾ ಎಕ್ಸ್‌ಪ್ರೆಸ್‌ವೇ 165 ಕಿಲೋಮೀಟರ್. ಗಂಟೆಗೆ ನೂರರ ಮೇಲೆ ಹೋಗಬಾರದು ಎಂಬ ಬೋರ್ಡುಗಳನ್ನು ಡ್ರೈವರ್ ನೂರಿಪ್ಪತ್ತರಲ್ಲಿ ಓದುತ್ತಾ ಹೋದ. ಇಷ್ಟು ಅವಸರ ತಾಜ್ ಮೇಲೆ ಬೀಳುವ ಸೂರ್ಯೋದಯಕ್ಕೆ ಎಂದುಕೊಂಡೆ. ಆದರೆ ಅರ್ಧ ದಾರಿಯಲ್ಲಿ ಅವನಿಗೆ ಗೊತ್ತಿರುವ ಒಂದು ಪರಾಠದ ಅಂಗಡಿ ಇತ್ತು. ಅಲ್ಲಿ ಅವನಿಗೆ ಊಟ ಪುಕ್ಕಟೆ. ನಮಗೆ ಎರಡು ಪರಾಠಕ್ಕೆ ಬಿದ್ದ ಬಿಲ್ಲು ನೋಡಿದರೆ ಅವನದೂ ಸೇರಿಯೇ ಇತ್ತು ಅನಿಸುತ್ತೆ. ಸೂರ್ಯ ನಮಗಾಗಿ ಕಾಯಲಿಲ್ಲ.

ಆಗ್ರಾದಲ್ಲಿ ಗೈಡ್ ಮಹಾಶಯರು ಕಾರು ಹತ್ತಿದರು. ಕೊರಳಲ್ಲಿ ಗುರುತಿನ ಚೀಟಿ, ಸದಾ ಬೆನ್ನು ತಿರುಗಿಸಿಕೊಂಡಿರುವಂಥದ್ದು. ಅಲ್ಲಿನವರು ಬೀದಿಯಲ್ಲಿ ಮೇಲೆ ಬೀಳುವ ದಲ್ಲಾಳಿಗಳನ್ನು ‘ಲಪ್ಕಾ’ ಎನ್ನುತ್ತಾರೆ, ಲಪಕ್ಕನೆ ಹಿಡಿಯುವವನು. ನಮ್ಮವರು ಕಾರು ಹತ್ತಿದ ಕೂಡಲೇ ಎಚ್ಚರಿಸಿದರು: ‘ಸರ್, ಲಪ್ಕಾಗಳಿದ್ದಾರೆ ಹುಷಾರು. ಯಾರ ಮಾತೂ ನಂಬಬೇಡಿ.’ ನಾನು ಆ ಒಂದು ಮಾತನ್ನಾದರೂ ಪೂರ್ತಿ ನಂಬಬೇಕಿತ್ತು.

ಪ್ರೈವೇಟ್ ಅಂದರೆ ಏನು ಎಂದು ನನಗೆ ತಿಳಿದದ್ದು ತಾಜ್‌ನ ಒಳಗೆ. ಸಾವಿರಾರು ಜನರ ನಡುವೆ ಮೊಣಕೈಗೆ ಮೊಣಕೈ ತಾಗಿಸಿಕೊಂಡು, ಕಾಲಿಗೆ ಬಟ್ಟೆಯ ಚೀಲ ಹಾಕಿಕೊಂಡು ಸಾಗುವುದರಲ್ಲಿ ಖಾಸಗಿ ಏನೂ ಇಲ್ಲ. ಟಿಕೆಟ್ಟೂ ಎಲ್ಲರಂತೆ 50 ರೂಪಾಯಿ, ಗೋರಿಯ ಹತ್ತಿರ ಹೋಗಲು ಇನ್ನೂ 200. ಖಾಸಗಿಯಾಗಿ ಇರುವುದು ಇತಿಹಾಸ. ಅದನ್ನು ಗಿರಾಕಿಯ ಅಳತೆ ತೆಗೆದು ಹೊಲಿದು ಕೊಡುತ್ತಾರೆ.

ನಮ್ಮ ಮುಂದೆ ಹೋಗುತ್ತಿದ್ದ ವಿದೇಶಿ ದಂಪತಿಗೆ ಅವರ ಗೈಡು ಬರೀ ಪ್ರೇಮವನ್ನೇ ಬಡಿಸುತ್ತಿದ್ದ. ಅವರು ಕೊಟ್ಟದ್ದು 1100 ರೂಪಾಯಿ ಟಿಕೆಟ್ಟು. ಅಷ್ಟಕ್ಕೆ ಕಣ್ಣೀರಾದರೂ ಬರಬೇಡವಾ? ನಮ್ಮವರು ಮಾತ್ರ ಮೊದಲು ನನ್ನ ಪೂರ್ತಿ ಹೆಸರು ಕೇಳಿದರು. ಹೇಳಿದೆ. ಸ್ವಲ್ಪ ಯೋಚಿಸಿದರು. ಆಮೇಲೆ ದನಿ ತಗ್ಗಿಸಿ, ‘ಸರ್, ನಿಮ್ಮಂಥವರಿಗೆ ಮಾತ್ರ ಹೇಳ್ತೀನಿ, ಇದನ್ನ ಶಹಜಹಾನ್ ಕಟ್ಟಿಸಿದ್ದೇ ಅಲ್ಲ’ ಎಂದರು. ಕೆಳಗೆ 22 ಕೋಣೆಗಳಿವೆಯಂತೆ, ಬೀಗ ಹಾಕಿದ್ದಾರಂತೆ, ಒಳಗೆ ಏನಿದೆಯೋ ಯಾರಿಗೂ ಗೊತ್ತಿಲ್ಲವಂತೆ.

2022ರಲ್ಲಿ ಈ ಅಂತೆ ಕಂತೆ ಹೊತ್ತುಕೊಂಡು ಒಬ್ಬರು ಅಲಹಾಬಾದ್ ಹೈಕೋರ್ಟಿಗೇ ಹೋಗಿದ್ದರಲ್ಲ, ನಿಮಗೆ ನೆನಪಿರಬಹುದು. ಮೊದಲು ಎಂಎ ಮಾಡಿ, ಪಿಎಚ್‌ಡಿ ಮಾಡಿ, ಆಮೇಲೆ ಬನ್ನಿ ಎಂದು ನ್ಯಾಯಮೂರ್ತಿಗಳು ಅರ್ಜಿ ವಜಾ ಮಾಡಿದರು. ಕೆಳಗಿನ ಕೋಣೆಗಳ ದುರಸ್ತಿಯ ಫೋಟೋಗಳನ್ನು ಪುರಾತತ್ವ ಇಲಾಖೆ ಹೊರಗೂ ಬಿಟ್ಟಿತು. ಗಾರೆ ಉದುರಿದ ಗೋಡೆ, ಹೊಸ ಗಾರೆ ಹಚ್ಚಿದ ಗೋಡೆ. ಯಾರಿಗೂ ಖುಷಿಯಾಗಲಿಲ್ಲ. ಬೀಗ ತೆಗೆದು ತೋರಿಸಿದ ಮೇಲೆ ಗುಟ್ಟಿಗೆ ಏನು ರುಚಿ?

ನಾನು ಸುಮ್ನೆ ತಲೆಯಾಡಿಸಿದೆ. ಅದೇ ತಪ್ಪಾಯಿತು. ತಲೆಯಾಡಿಸಿದವರಿಗೆ ಕತೆಗಳು ಪುಕ್ಕಟೆ. ಶಹಜಹಾನ್ ಆಚೆ ದಡದಲ್ಲಿ ಕಪ್ಪು ತಾಜ್ ಕಟ್ಟಿಸುವವನಿದ್ದನಂತೆ. (ಫ್ರಾನ್ಸಿನಿಂದ ಬಂದ ತವೆರ್ನಿಯೆ ಎಂಬ ಒಡವೆ ವ್ಯಾಪಾರಿ ಬರೆದಿಟ್ಟ ಮಾತು ಅದು. 1990ರ ದಶಕದಲ್ಲಿ ಅಲ್ಲಿ ಅಗೆದರೆ ಸಿಕ್ಕಿದ್ದು ಮೆಹ್ತಾಬ್ ಬಾಗ್ ಎಂಬ ತೋಟ ಮತ್ತು ಒಂದು ಎಂಟು ಮೂಲೆಯ ಕೊಳ.) ಗೋರಿಯ ಮೇಲೆ ತೂಗುವ ದೀಪ ಶಹಜಹಾನನದಂತೆ. ಅದನ್ನು ಕೈರೋದಲ್ಲಿ ಮಾಡಿಸಿ ತೂಗಿಹಾಕಿಸಿದವನು ಲಾರ್ಡ್ ಕರ್ಜನ್. ಕೊನೆಗೆ ಬಂತು ನೋಡಿ, ಎಲ್ಲ ಕತೆಗಳ ತಾಯಿ: ಇಂಥದ್ದನ್ನು ಇನ್ಯಾರಿಗೂ ಕಟ್ಟಿಕೊಡಬಾರದೆಂದು ಶಹಜಹಾನ್ ಇಪ್ಪತ್ತು ಸಾವಿರ ಕೆಲಸಗಾರರ ಕೈ ಕತ್ತರಿಸಿದನಂತೆ.

ಹೆಂಡತಿ ಕೇಳಿದಳು: ‘ಕಟ್ಟಿಸದೇ ಇದ್ದವನು ಕೈ ಯಾಕೆ ಕತ್ತರಿಸಿದ?’

ಗೈಡ್ ಮಹಾಶಯರು ಗಡಿಯಾರ ನೋಡಿಕೊಂಡರು.

ಮೆಚ್ಚಲೇಬೇಕು. ಅವರು ಬಾಯಿ ಬಿಡದೆ ಬಿಟ್ಟದ್ದೆಲ್ಲ ಗೋಡೆಯ ಮೇಲೇ ಬರೆದಿತ್ತು. ಗೋರಿಯ ಒಳಗೋಡೆಯ ಬರಹದ ಕೊನೆಯಲ್ಲಿ, ಆ ಅಕ್ಷರಗಳನ್ನು ಬರೆದ ಅಮಾನತ್ ಖಾನ್ ತನ್ನ ಹೆಸರು ಬರೆದುಕೊಂಡಿದ್ದಾನೆ. ಇಷ್ಟು ದೊಡ್ಡ ಕೆಲಸದಲ್ಲಿ ಸಹಿ ಹಾಕಿ ಹೋದವನು ಅವನೊಬ್ಬ. ಬಾಗಿಲ ಚೌಕಟ್ಟಿನಲ್ಲಿ ಮೇಲೆ ಹೋದಂತೆ ಅಕ್ಷರ ದೊಡ್ಡದು ಮಾಡಿದ್ದಾನೆ, ಕೆಳಗೆ ನಿಂತವರಿಗೆ ಎಲ್ಲ ಒಂದೇ ಅಳತೆಯಲ್ಲಿ ಕಾಣಲಿ ಎಂದು. ಗಾರೆ ಕೆಲಸದವರು, ಕಲ್ಲು ಕುಟಿಗರು ಕೆಂಪು ಕಲ್ಲುಗಳ ಮೇಲೆ ನಕ್ಷತ್ರ, ಬಾಣದಂಥ ಗುರುತು ಕೊರೆದಿದ್ದಾರೆ. ಓದು ಬಾರದವರ ಸಹಿ ಅವು, ಹಾಸುಗಲ್ಲಿನಲ್ಲಿ ನಮ್ಮ ಕಾಲಡಿಯೇ ಇವೆ. ಇನ್ನು ತಾಜ್‌ನ ಮುಖ್ಯ ವಾಸ್ತುಶಿಲ್ಪಿ ಎನ್ನಲಾದ ಉಸ್ತಾದ್ ಅಹಮದ್ ಲಾಹೋರಿ ಕೈ ಕತ್ತರಿಸಿಕೊಂಡು ಮನೆಯಲ್ಲಿ ಕೂತಿರಲಿಲ್ಲ. 1639ರಲ್ಲಿ ಶುರುವಾದ ದೆಹಲಿಯ ಕೆಂಪು ಕೋಟೆಗೂ ಅವನೇ ಬೇಕಾಯಿತು. ಒಂದು ಸರ್ಕಾರಿ ಕೆಲಸ ಮುಗಿಯುವ ಮುಂಚೆ ಇನ್ನೊಂದು. ನಮ್ಮ ಗುತ್ತಿಗೆದಾರರ ಕುಲಕ್ಕೇ ಆದಿಪುರುಷ.

ಗೈಡುಗಳನ್ನಷ್ಟೇ ಬೈದು ಏನು ಪ್ರಯೋಜನ? ಅಳತೆ ನೋಡಿ ಇತಿಹಾಸ ಹೊಲಿಯುವ ಕೆಲಸವನ್ನು ಸರ್ಕಾರಗಳೇ ಸಗಟಿನಲ್ಲಿ ಮಾಡುತ್ತಿವೆ. 2017ರಲ್ಲಿ ಉತ್ತರ ಪ್ರದೇಶದ ಪ್ರವಾಸೋದ್ಯಮ ಇಲಾಖೆ ಹೊರತಂದ ಪುಸ್ತಿಕೆಯಲ್ಲಿ ತಾಜ್ ಮಹಲೇ ಇರಲಿಲ್ಲ. ಆಗ್ರಾದಲ್ಲಿ ಕಟ್ಟುತ್ತಿದ್ದ ಮೊಘಲ್ ಮ್ಯೂಸಿಯಂಗೆ 2020ರಲ್ಲಿ ಶಿವಾಜಿ ಮಹಾರಾಜರ ಹೆಸರಿಟ್ಟರು. ಶಿವಾಜಿ 1666ರಲ್ಲಿ ಆಗ್ರಾಕ್ಕೆ ಬಂದದ್ದು ನಿಜ. ಆದರೆ ಅವರು ಆ ಊರಿನಿಂದ ತಪ್ಪಿಸಿಕೊಂಡು ಹೋಗಲು ಪಟ್ಟ ಪಾಡು ಎಲ್ಲರಿಗೂ ಗೊತ್ತು. ಪುಣ್ಯಾತ್ಮರು ಅವರನ್ನು ಮತ್ತೆ ಅಲ್ಲಿಗೇ ತಂದು ಕೂರಿಸಿದರು. ದೆಹಲಿಯ ಮೊಘಲ್ ಗಾರ್ಡನ್ 2023ರಲ್ಲಿ ಅಮೃತ ಉದ್ಯಾನವಾಯಿತು. ಗುಲಾಬಿಗಳಿಗೆ ಏನನ್ನಿಸಿತೋ. ಇಷ್ಟೆಲ್ಲ ಮಾಡುವವರು ಆ ಟಿಕೆಟ್ ದುಡ್ಡಿಗೆ ಮಾತ್ರ ಇನ್ನೂ ಹೆಸರು ಬದಲಾಯಿಸಿಲ್ಲ.

ತಾಜ್ ಒಂದು ಗಂಟೆಯಲ್ಲಿ ಮುಗಿಯಿತು. ಟಿಕೆಟ್ಟಿನ ಮೇಲೆ ಮೂರು ಗಂಟೆ ಇರಬಹುದು ಎಂದಿದೆ ಎಂದರೆ, ‘ನೋಡೋದು ಇನ್ನೇನಿದೆ ಸರ್’ ಎಂದರು. ಅಲ್ಲಿಂದ ಕೋಟೆಗೆ ಎಂದುಕೊಂಡರೆ ಕಾರು ಬೇರೆ ಗಲ್ಲಿ ಹಿಡಿಯಿತು. ‘ಸರ್ಕಾರದ ಮಾನ್ಯತೆ ಇರುವ ಎಂಪೋರಿಯಂ. ಕೊಳ್ಳೋದು ಬೇಡ. ಸುಮ್ನೆ ನೋಡಿ.’

ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳಾ? ನಾವು ಇದಕ್ಕೆ ಹೊಸಬರೇನಲ್ಲ. ಮೈಸೂರಿನಲ್ಲಿ ಅರಮನೆ ತೋರಿಸುವ ಮುಂಚೆ ಆಟೋದವನು ರೇಷ್ಮೆ ಸೀರೆ ತೋರಿಸುತ್ತಾನೆ. ಕೊಡಗಿನಲ್ಲಿ ಅಬ್ಬಿ ಫಾಲ್ಸಿಗೆ ಹೊರಟವರನ್ನು ಜೇನುತುಪ್ಪ ಮತ್ತು ಹೋಂಮೇಡ್ ಚಾಕೊಲೇಟ್ ತಡೆದು ನಿಲ್ಲಿಸುತ್ತವೆ. ವಿಜಯಪುರದ ಗೋಳಗುಮ್ಮಟದಲ್ಲಿ ಹಾಗಿಲ್ಲ, ಅಲ್ಲಿ ಮಾರುವುದಕ್ಕೆ ಬರೀ ಪ್ರತಿಧ್ವನಿ ಇದೆ. ಒಬ್ಬ ಚಪ್ಪಾಳೆ ತಟ್ಟುತ್ತಾನೆ, ಇನ್ನೊಬ್ಬ ಕಿರುಚುತ್ತಾನೆ, ಪಿಸುಮಾತು ಕೇಳಲು ಕಟ್ಟಿದ ಜಾಗದಲ್ಲಿ ಐವತ್ತು ಮಕ್ಕಳು ಒಟ್ಟಿಗೆ ‘ಹೋ’ ಎನ್ನುತ್ತಾರೆ. 1656ರಿಂದ ಆ ಗುಮ್ಮಟ ಬೀಳದೆ ನಿಂತಿರುವುದೇ ಪವಾಡ. ಆದರೂ ಹೇಳುತ್ತೇನೆ, ಅದು ವಾಸಿ. ಅಲ್ಲಿ ಕೂಗಿದ್ದೇ ವಾಪಸ್ ಬರುತ್ತೆ, ಮೇಲೆ ಜಿಎಸ್‌ಟಿ ಹಾಕಲ್ಲ.

ಎಂಪೋರಿಯಂ ಬಾಗಿಲಲ್ಲೇ ಒಬ್ಬ ಕೆಲಸಗಾರ ಕೂತಿದ್ದ. ಒಂದು ಕೈಯಲ್ಲಿ ಕಮಾನು ಹಿಡಿದು ಸಾಣೆ ಚಕ್ರ ತಿರುಗಿಸುತ್ತಾ, ಇನ್ನೊಂದು ಕೈಯ ಬೆರಳ ತುದಿಯಲ್ಲಿ ಕೆಂಪು ಕಲ್ಲಿನ ಚೂರನ್ನು ಹೂವಿನ ಎಸಳಿನಷ್ಟು ತೆಳ್ಳಗೆ ಉಜ್ಜುತ್ತಿದ್ದ. ಪರ್ಚಿನ್‌ಕಾರಿ ಅಂದರೆ ಅದೇ. ಬಿಳಿ ಕಲ್ಲಿನಲ್ಲಿ ಹಳ್ಳ ಕೊರೆದು, ಬಣ್ಣದ ಕಲ್ಲಿನ ಚೂರನ್ನು ಸಂದು ಕಾಣದ ಹಾಗೆ ಕೂರಿಸುವುದು. ಸೇಲ್ಸ್‌ಮನ್ ಭಾಷಣ ಶುರು ಮಾಡಿದ. ‘ಇವರು ತಾಜ್ ಕಟ್ಟಿದ ಕುಶಲಕರ್ಮಿಗಳ ವಂಶದವರು. ಹದಿನೇಳನೇ ತಲೆಮಾರು. ತಂದೆಯಿಂದ ಮಗನಿಗೆ ಕೈಯಿಂದ ಕೈಗೆ ಬಂದ ವಿದ್ಯೆ.’

ಹೆಂಡತಿ ನನ್ನ ಮುಖ ನೋಡಿದಳು. ಕೈಯಿಂದ ಕೈಗೆ. ಕತ್ತರಿಸಿದ ಕೈಯಿಂದ.

ನನಗೆ ನಗು ಬರಲಿಲ್ಲ. ಆ ಮನುಷ್ಯನ ಬೆರಳ ತುದಿಗಳು ಸವೆದಿದ್ದವು. ಕಲ್ಲಿನ ಪುಡಿ ಮೀಸೆಯ ಮೇಲೆ ಬೆಳ್ಳಗೆ ಕೂತಿತ್ತು. ಮೂಗಿಗೆ ಒಂದು ಬಟ್ಟೆ ಇಲ್ಲ. ದಿನಕ್ಕೆ ಎಷ್ಟು ಸಿಗುತ್ತಪ್ಪಾ ಎಂದು ಅವನನ್ನು ಕೇಳಿದೆ. ಅವನು ತಲೆ ಎತ್ತಲಿಲ್ಲ. ‘ಸರ್ಕಾರ ನೋಡಿಕೊಳ್ಳುತ್ತೆ ಸರ್’ ಎಂದು ಸೇಲ್ಸ್‌ಮನ್ ಉತ್ತರ ಕೊಟ್ಟ.

ಸಾಕಾಗಿದೆ ಕಣ್ರೀ. ಸತ್ತು ಮುನ್ನೂರು ವರ್ಷ ದಾಟಿದವರ ಕೈ ಬಗ್ಗೆ ಎಲ್ಲರಿಗೂ ಕಣ್ಣೀರು, ಎದುರಿಗೆ ಕೂತವನ ಕೈ ಯಾರಿಗೂ ಬೇಡ. ಅವನು ವಾರಗಟ್ಟಲೆ ಉಜ್ಜಿದ್ದನ್ನು ಮಾರಿ ಅಂಗಡಿಯವನು, ಗೈಡು, ಡ್ರೈವರು, ದೆಹಲಿಯ ಕಂಪನಿ ಹಂಚಿಕೊಳ್ಳುತ್ತಾರೆ. ಅವನು ಬಾಗಿಲಲ್ಲಿ ಕೂತ ಬೊಂಬೆ. ಗಿರಾಕಿ ಒಳಗೆ ಹೋದ ಕೂಡಲೇ ಚಕ್ರ ನಿಲ್ಲುತ್ತೆ, ಮುಂದಿನ ಕಾರು ಬಂದಾಗ ಮತ್ತೆ ತಿರುಗುತ್ತೆ. ನಾನು ತಿರುಗಿ ನೋಡಿದೆ. ನಿಂತಿತ್ತು.

ಒಳಗೆ ಒಂದೂವರೆ ಗಂಟೆ. ಟೀ ಕೊಟ್ಟರು. ದೀಪ ಆರಿಸಿ, ಕಲ್ಲಿನ ಕೆಳಗೆ ಟಾರ್ಚ್ ಹಿಡಿದು ಹೂವು ಕೆಂಡದ ಹಾಗೆ ಹೊಳೆಯುವುದನ್ನು ತೋರಿಸಿದರು. ಅದು ಮಾತ್ರ ನಿಜಕ್ಕೂ ಚೆಂದ. ‘ಇದು ಅಸಲಿ ಮಕ್ರಾನಾ ಮಾರ್ಬಲ್. ಬೀದಿಯಲ್ಲಿ ಮಾರೋದೆಲ್ಲ ಸೋಪ್‌ಸ್ಟೋನ್’ ಎನ್ನುವಾಗ ಸೇಲ್ಸ್‌ಮನ್ ಮುಖ ಕಿವುಚಿದ, ಹಳಸಿದ್ದು ಬಾಯಿಗೆ ಬಂದ ಹಾಗೆ. ಸೋಪ್‌ಸ್ಟೋನ್ ಅಂದರೆ ನಮ್ಮ ಬಳಪದ ಕಲ್ಲು. ಬೇಲೂರು, ಹಳೇಬೀಡು ನಿಂತಿರುವುದೇ ಆ ಕಲ್ಲಿನಲ್ಲಿ ಎಂದು ನಾನು ಸ್ವಲ್ಪ ಜೋರಾಗಿಯೇ ಹೇಳಿದೆ. ‘ವೆರಿ ನೈಸ್ ಸರ್, ಕಾರ್ಡಾ, ಕ್ಯಾಷಾ?’ ಎಂದ.

ಒಂದು ತಟ್ಟೆ ಕೊಂಡೆವು. ಯಾಕೆ ಎಂದು ಕೇಳಬೇಡಿ. ಅವರ ಟೀ ಕುಡಿದಿದ್ದೆವು.

ಆಮೇಲೆ ಉಳಿದದ್ದು ಓಟ. ಕೋಟೆ ನಲವತ್ತು ನಿಮಿಷ. ಶಹಜಹಾನ್ ತನ್ನ ಕೊನೆಯ ಎಂಟು ವರ್ಷ ಸೆರೆಯಿದ್ದು ತಾಜ್ ನೋಡುತ್ತಿದ್ದ ಮುಸಮ್ಮನ್ ಬುರ್ಜನ್ನು ದೂರದಿಂದ ಬೆರಳು ಮಾಡಿ ತೋರಿಸಿದರು. ದಿವಾನ್ ಇ ಆಮ್ ಎದುರಿಗೆ, ಹುಲ್ಲಿನ ಮಧ್ಯೆ, ಒಂದು ಇಂಗ್ಲಿಷ್ ಗೋರಿ ಇದೆ. 1857ರ ದಂಗೆಯ ಹೊತ್ತಿನಲ್ಲಿ ಕೋಟೆಯೊಳಗೇ ಸತ್ತ ಲೆಫ್ಟಿನೆಂಟ್ ಗವರ್ನರ್ ಕಾಲ್ವಿನ್‌ದು. ಮೊಘಲರ ದರ್ಬಾರಿನ ಮುಂದೆ ಇವನು ಯಾಕೆ ಮಲಗಿದ್ದಾನೆ ಎಂದರೆ, ‘ಅದು ಯಾರೋ ಬಿಡಿ ಸರ್’ ಎಂದರು. ಅದರಲ್ಲಿ ಅವರಿಗೆ ಹೊಲಿಯುವುದಕ್ಕೆ ಬಟ್ಟೆ ಸಾಲದು.

ನೂರ್ ಜಹಾನ್ ತನ್ನ ಅಪ್ಪನಿಗೆ ಕಟ್ಟಿಸಿದ ಇತಿಮಾದ್ ಉದ್ ದೌಲಾ ನೋಡಬೇಕೆಂದು ಹೆಂಡತಿ ಬೆಂಗಳೂರಿನಿಂದಲೇ ಹೇಳುತ್ತಾ ಬಂದಿದ್ದಳು. ತಾಜ್‌ಗಿಂತ ಮುಂಚಿನದು, ಚಿಕ್ಕದು, ಮೈತುಂಬ ಪರ್ಚಿನ್‌ಕಾರಿ. ಅಲ್ಲಿ ಮಲಗಿರುವವನು ಮುಮ್ತಾಜಳ ಸ್ವಂತ ಅಜ್ಜ. ‘ಟೈಮ್ ಇಲ್ಲ ಮೇಡಂ’ ಎಂದರು. ಸಿಕಂದ್ರಾ ರಸ್ತೆಯಲ್ಲಿ ಹೋಗುವಾಗ ಕಾಣುತ್ತೆ ಎಂದರು, ಆ ರಸ್ತೆಯಲ್ಲಿ ಹೋಗಲಿಲ್ಲ. ಸಿಕ್ರಿ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ. ಪೇಠಾ ಅಂಗಡಿಗೆ ಮಾತ್ರ ಟೈಮ್ ಇತ್ತು. ಬೂದುಗುಂಬಳಕಾಯಿಯ ಸಿಹಿ, ಒಂದು ಕೆಜಿ.

ಇಳಿಸುವಾಗ ಡ್ರೈವರ್ ಐದು ಸ್ಟಾರ್ ಕೇಳಿದ. ಕೊಟ್ಟೆ. ನಮ್ಮ ಜನ್ಮಕ್ಕೆ ಅಂಟಿದ ರೋಗ ಅದು.

ಊರಿಗೆ ಬಂದು ತಟ್ಟೆಯನ್ನು ಅಮ್ಮನಿಗೆ ತೋರಿಸಿದೆವು. ಸಾಗರದ ಹಳೇ ಮನೆಯಿಂದ ಬಂದವಳು ಅವಳು. ಕನ್ನಡಕ ಏರಿಸಿಕೊಂಡು, ತಿರುಗಿಸಿ, ತಳಕ್ಕೆ ಉಗುರಿನಲ್ಲಿ ಒಂದು ಗೀರು ಎಳೆದಳು. ಬೆಳ್ಳಗೆ ಪುಡಿ ಬಂತು. ಬೆರಳಲ್ಲಿ ಉಜ್ಜಿ ನೋಡಿದಳು, ನುಣ್ಣಗಿತ್ತು.

‘ಬಳಪದ ಕಲ್ಲು. ಇದಕ್ಕೆ ಅಷ್ಟು ದೂರ ಹೋಗಿದ್ರಾ? ಉಪ್ಪಿನಕಾಯಿ ಹಾಕೋ ಮರಿಗೆ ಎರಡು ಅಟ್ಟದ ಮೇಲೇ ಬಿದ್ದಿದಾವಲ್ಲೋ.’