ನದಿ ಮೇಲೂ ಡಿಜೆ ಬೇಕಾ?

ಸಾಕಪ್ಪಾ ಸಾಕು! ನಾನೂ ನನ್ನ ಹೆಂಡತಿಯೂ ಅಲೆಪ್ಪಿಯಲ್ಲಿ ಹೌಸ್‌ಬೋಟ್ ಹತ್ತುವುದೇ ಸದ್ದುಗದ್ದಲ ಬೇಡ ಅಂತ. ಈ ಸಲವೂ ಅದೇ ಗೋಳು. ಪಕ್ಕದ ಬೋಟಿನಲ್ಲಿ ಸ್ಪೀಕರ್, ಹಿಂದಿನದರಲ್ಲಿ ಇನ್ನೂ ದೊಡ್ಡದು. ಬೋಟು ಸಾಗುವ ಈ ಕುಟ್ಟನಾಡು ಪ್ರದೇಶದಲ್ಲಿ ಸಮುದ್ರಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುತ್ತಾರೆ. ಆ ಗದ್ದೆ ನೋಡಲು ಯಾರಿಗೂ ಪುರುಸೊತ್ತಿಲ್ಲ! ಪಂಪಾ ನದಿ ದಡದಲ್ಲೇ ಮನೆಗಳಿವೆ. ಪಾತ್ರೆ ತೊಳೆಯುವವರು, ಓದುವ ಮಕ್ಕಳು, ಮಲಗಿದ ಅಜ್ಜಿಯರು. ಅವರ ಅಂಗಳದ ಮುಂದೆ ನಿಂತು ಹೀಗಾ ಕಿರುಚುವುದು? ಸಂಜೆ ಮೀನುಗಾರರು ಬಲೆ ಹಾಕಲಿ ಅಂತ ಬೋಟುಗಳನ್ನು ದಡಕ್ಕೆ ಕಟ್ಟುತ್ತಾರೆ. ಆಗ ಶುರು ನೋಡಿ, ಕುಣಿತ, ಸಿಳ್ಳೆ, ನೀರಿಗೆ ಬಾಟಲಿ, ಚಿಪ್ಸ್ ಪೊಟ್ಟಣ. 2002ರಿಂದ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಯಲ್ಲಿ, ಇರುವ ವೇಂಬನಾಡ್ ಸರೋವರ ಇವರಿಗೆ ಕಸದ ತೊಟ್ಟಿಯಾ? ಪಕ್ಕದಲ್ಲೇ ಕೂತ ಹೆಂಡತಿ ಜೊತೆ ಮಾತಾಡಲೂ ನಾನು ಕೂಗಬೇಕಾ?