ತಗಡಿನ ಮುಚ್ಚಳಕ್ಕೊಂದು ಸಂವಿಧಾನ

ಅಮೆರಿಕದಲ್ಲಿ ಒಂದು ತಟ್ಟೆ ಎಸೆಯಬೇಕಾದರೂ ಮೊದಲು ಒಂದು ಫಲಕವನ್ನು ಓದಿ ಮುಗಿಸಬೇಕು. ನ್ಯೂಜೆರ್ಸಿಯಲ್ಲಿ ನನ್ನ ಮಗಳ ಮನೆಯಿರುವ ಬಡಾವಣೆಯ ಪ್ರಾಥಮಿಕ ಶಾಲೆಯ ಮೈದಾನದಲ್ಲಿ ಈಚೆಗೆ ಒಂದು ಡಿಸ್ಕ್ ಗಾಲ್ಫ್ ಅಂಗಳ ತಲೆಯೆತ್ತಿದೆ. ಚಿಕ್ಕದು. ಒಂಬತ್ತು ಕಂಬಗಳು, ಪ್ರತಿ ಕಂಬಕ್ಕೂ ಒಂದು ಕಬ್ಬಿಣದ ಬುಟ್ಟಿ, ಬುಟ್ಟಿಯ ಮೇಲೆ ಇಳಿಬಿದ್ದ ಸರಪಳಿಗಳು. ದೂರದಲ್ಲಿ ನಿಂತು ಪ್ಲಾಸ್ಟಿಕ್ ತಟ್ಟೆಯನ್ನು ಬೀಸಿ ಎಸೆಯಬೇಕು. ಅದು ಬಿದ್ದಲ್ಲಿಂದ ಮತ್ತೆ ಎಸೆಯಬೇಕು. ಸರಪಳಿಗೆ ಬಡಿದು ಬುಟ್ಟಿಯೊಳಗೆ ಬಿದ್ದರೆ ಮುಂದಿನ ಕಂಬಕ್ಕೆ ಹೋಗಬೇಕು. ಕಡಿಮೆ ಎಸೆತಗಳಲ್ಲಿ ಒಂಬತ್ತನ್ನೂ ಮುಗಿಸಿದವನು ಗೆದ್ದ. ಆಟವೆಂದರೆ ಇಷ್ಟೇ. ಆದರೆ ಶಾಲೆಯವರು ನಿಲ್ಲಿಸಿರುವ ಆಳೆತ್ತರದ ಫಲಕದಲ್ಲಿ ಹೇಗೆ ಆಡಬೇಕು ಎಂಬುದು ಎಲ್ಲಿಯೂ ಇಲ್ಲ. ಯಾವಾಗ ಆಡಕೂಡದು ಎಂಬುದೇ ಮೇಲಿನಿಂದ ಕೆಳಗಿನವರೆಗೆ ತುಂಬಿದೆ.

ಮೊದಲ ಸಾಲು ಉದಾರವಾಗಿಯೇ ಇದೆ: ‘ಸಾರ್ವಜನಿಕರಿಗೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮುಕ್ತ.’ ಎರಡನೆಯ ಸಾಲಿನಿಂದ ಔದಾರ್ಯ ಕರಗತೊಡಗುತ್ತದೆ. ಶಾಲೆ ನಡೆಯುವ ದಿನಗಳಲ್ಲಿ ಬೆಳಿಗ್ಗೆ ಏಳರಿಂದ ಪ್ರವೇಶವಿಲ್ಲ, ಸಿಬ್ಬಂದಿಯ ಕಾರುಗಳು ಬರುವ ಹೊತ್ತು. ಶಾಲೆ ಬಿಟ್ಟ ಮೇಲೂ ಇಲ್ಲ, ಅಪ್ಪ ಅಮ್ಮ ಕೆಲಸದಿಂದ ಮರಳುವ ತನಕ ಅಲ್ಲೇ ಉಳಿಯುವ ಮಕ್ಕಳಿಗಾಗಿ ಸಂಜೆ ಆರರವರೆಗೆ ಪಾಲನಾ ಕೇಂದ್ರ ನಡೆಯುತ್ತದೆ. ಈ ರಾಜ್ಯದಲ್ಲಿ ಶಾಲೆಗಳು ವರ್ಷಕ್ಕೆ ಕನಿಷ್ಠ 180 ದಿನ ನಡೆಯಬೇಕು. ಉಳಿದ ದಿನಗಳಲ್ಲಿ ಶನಿವಾರಗಳನ್ನು ಫುಟ್ಬಾಲ್ ಲೀಗಿನವರಿಗೆ ಬಾಡಿಗೆಗೆ ಕೊಟ್ಟಾಗಿದೆ. ಭಾನುವಾರ ಸಭಾಂಗಣದಲ್ಲಿ ಯಾರದೋ ಪ್ರಾರ್ಥನೆ, ತಟ್ಟೆಯ ಸದ್ದಿನಿಂದ ಭಗವಂತನಿಗೆ ತೊಂದರೆಯಾಗಬಾರದು. ಬೇಸಿಗೆ ರಜೆಯಲ್ಲಿ ಶಿಬಿರ. ಮಳೆ ಬಂದ ಮರುದಿನ ಹುಲ್ಲಿಗೆ ವಿಶ್ರಾಂತಿ.

ಡಿಸೆಂಬರಿನ ಲೆಕ್ಕ ಇನ್ನೂ ಸೊಗಸಾಗಿದೆ. ಇಲ್ಲಿ ಆ ತಿಂಗಳು ಸೂರ್ಯ ಮುಳುಗುವುದು ಸಂಜೆ ನಾಲ್ಕೂವರೆಗೆ. ಮೈದಾನ ತೆರೆಯುವುದು ಆರಕ್ಕೆ. ಅಂದರೆ ತೆರೆಯುವುದಕ್ಕೆ ಒಂದೂವರೆ ಗಂಟೆ ಮುಂಚೆಯೇ ಅದು ಮುಚ್ಚಿರುತ್ತದೆ. ಬೆಳಗಿನ ಹೊತ್ತು ನೋಡೋಣವೆಂದರೆ ಪ್ರವೇಶ ನಿಲ್ಲುವುದು ಏಳಕ್ಕೆ, ಸೂರ್ಯ ಏಳುವುದು ಏಳು ದಾಟಿದ ಮೇಲೆ. ಶಾಲೆಯ ಕಚೇರಿಗೆ ಹೋಗಿ ಈ ವಿಷಯವನ್ನು ವಿಚಾರಿಸಿದೆ. ಅಲ್ಲಿದ್ದ ಹೆಣ್ಣುಮಗಳು ಬಹಳ ಸೌಜನ್ಯದಿಂದ, ಆ ಎರಡು ನಿಯಮಗಳನ್ನು ಎರಡು ಬೇರೆ ಸಮಿತಿಗಳು ಮಾಡಿರುವುದರಿಂದ ಎರಡೂ ಸರಿಯಾಗಿಯೇ ಇವೆ ಎಂದು ತಿಳಿಸಿದಳು. ಸರ್ಕಾರಿ ಕಚೇರಿಗಳಲ್ಲಿ ಮೂವತ್ತು ವರ್ಷ ಕಳೆದವನಿಗೆ ಇಂಥ ಉತ್ತರ ಕೇಳಿದರೆ ತವರಿನ ನೆನಪಾಗುತ್ತದೆ.

ಇಷ್ಟೆಲ್ಲ ಕಳೆದು, ಮಳೆಯಿಲ್ಲದ, ಹಿಮವಿಲ್ಲದ, ಬಾಡಿಗೆಯಿಲ್ಲದ ಒಂದು ರಜಾದಿನ ಎಂದಾದರೂ ಕೂಡಿಬಂದರೆ ನನ್ನ ಅಳಿಯನೂ ಅವನ ಕನ್ನಡ ಕೂಟದ ಗೆಳೆಯರೂ ಮೈದಾನಕ್ಕೆ ಇಳಿಯುತ್ತಾರೆ. ಇಳಿಯುತ್ತಾರೆ ಎಂದರೆ ದಂಡೆತ್ತಿ ಹೋಗುತ್ತಾರೆ. ಅಳಿಯನ ಬಳಿ ಎರಡು ಚಕ್ರದ ಗಾಡಿಯೊಂದಿದೆ. ಬೆಲೆ ಇನ್ನೂರು ಡಾಲರ್ ಮೀರಿದ್ದು. ಅದಕ್ಕೆ ಕೂರಲು ಆಸನ, ಕಾಫಿ ಲೋಟ ಇಡಲು ಬಳೆ, ಛತ್ರಿ ಸಿಕ್ಕಿಸಲು ಕೊಳವೆ. ಗಾಡಿಯೊಳಗೆ ಇಪ್ಪತ್ತಕ್ಕೂ ಮಿಕ್ಕಿದ ತಟ್ಟೆಗಳು. ಹತ್ತಿರಕ್ಕೆ ಎಸೆಯುವ ಪಟರ್, ನಡುವಿನ ದೂರಕ್ಕೆ ಮಿಡ್‌ರೇಂಜ್, ಬಹುದೂರಕ್ಕೆ ಡ್ರೈವರ್. ಶಾಲೆಯ ಅಂಗಳದಲ್ಲಿ ಅತಿ ದೂರದ ಬುಟ್ಟಿ ನನ್ನಂಥ ಮುದುಕನ ಹೆಜ್ಜೆಯಲ್ಲಿ ನೂರನ್ನು ಮುಟ್ಟುವುದಿಲ್ಲ. ಬಹುದೂರದ ತಟ್ಟೆಗಳನ್ನು ಎಲ್ಲಿಗೆ ಎಸೆಯುತ್ತಾರೋ ಆ ದೇವರೇ ಬಲ್ಲ.

ಪ್ರತಿ ತಟ್ಟೆಗೂ ಒಂದು ಜಾತಕವಿದೆ. ಬೆನ್ನಿನ ಮೇಲೆ ನಾಲ್ಕು ಅಂಕಿಗಳು: ಮೊದಲನೆಯದು ವೇಗ, ಎರಡನೆಯದು ಗಾಳಿಯಲ್ಲಿ ತೇಲುವ ಗುಣ, ಮೂರನೆಯದು ಹಾರುವಾಗ ತಿರುಗುವ ಬುದ್ಧಿ, ನಾಲ್ಕನೆಯದು ವೇಗ ತಗ್ಗಿದಾಗ ಪಕ್ಕಕ್ಕೆ ವಾಲುವ ಚಟ. ಹನ್ನೆರಡು, ಐದು, ಋಣ ಒಂದು, ಮೂರು. ಇದನ್ನು ನೋಡಿ ಅಳಿಯ ಅದರ ಭವಿಷ್ಯ ಹೇಳುತ್ತಾನೆ.

“ಮಾವ, ಇದು ಕೊನೆಯಲ್ಲಿ ಎಡಕ್ಕೆ ವಾಲುತ್ತದೆ.”

“ನಿನ್ನ ಎಸೆತ?”

“ಅದು ಬಲಕ್ಕೆ ವಾಲುತ್ತದೆ. ಅದಕ್ಕೇ ಇದನ್ನು ಕೊಂಡೆ.”

ಎರಡು ದೋಷಗಳನ್ನು ಎದುರುಬದುರು ಕೂರಿಸಿ ಲಗ್ನ ಮಾಡಿಸುವ ಈ ವಿದ್ಯೆಗೆ ತಟ್ಟೆಯೊಂದಕ್ಕೆ ಹತ್ತಿರ ಹತ್ತಿರ ಇಪ್ಪತ್ತು ಡಾಲರ್. ಮಗಳು ಗೊಣಗಿದರೆ ಅವನ ಬಳಿ ಉತ್ತರ ಸಿದ್ಧವಾಗಿದೆ. 2021ರಲ್ಲಿ ಪಾಲ್ ಮೆಕ್‌ಬೆತ್ ಎಂಬ ಆಟಗಾರ ತಟ್ಟೆ ತಯಾರಿಸುವ ಡಿಸ್ಕ್ರಾಫ್ಟ್ ಕಂಪನಿಯೊಂದಿಗೆ ಹತ್ತು ವರ್ಷಕ್ಕೆ ಒಂದು ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡ. ಆ ಕೋಟಿಗೂ ಈ ಗಾಡಿಗೂ ಏನು ಸಂಬಂಧ ಎಂದು ಮಗಳೂ ಕೇಳಿಲ್ಲ, ನಾನೂ ಕೇಳಿಲ್ಲ. ಅಳಿಯಂದಿರನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ತಮಾಷೆಯೆಂದರೆ ಇಂಥ ಆಟವನ್ನು ಮೊದಲು ಆಡಿದ ದಾಖಲೆ ಇರುವುದೂ ಒಂದು ಶಾಲೆಯ ಮೈದಾನದಲ್ಲಿಯೇ. 1926ರಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಬ್ಲಾಡ್‌ವರ್ತ್ ಎಂಬ ಊರಿನಲ್ಲಿ ರೊನಾಲ್ಡ್ ಗಿಬ್ಸನ್ ಎಂಬ ಹುಡುಗನೂ ಅವನ ಸಹಪಾಠಿಗಳೂ ಪ್ರಾಥಮಿಕ ಶಾಲೆಯ ಮರಳು ನೆಲದಲ್ಲಿ ನಾಲ್ಕು ಅಡಿ ಅಗಲದ ವೃತ್ತಗಳನ್ನು ಗೀಚಿ, ತಗಡಿನ ಮುಚ್ಚಳಗಳನ್ನು ಅವುಗಳೊಳಕ್ಕೆ ಎಸೆದು ಆಡುತ್ತಿದ್ದರು. ಟಿನ್ ಲಿಡ್ ಗಾಲ್ಫ್ ಎಂದು ಹೆಸರಿಟ್ಟುಕೊಂಡಿದ್ದರು. ಅವರು ದೊಡ್ಡವರಾಗಿ ಚದುರಿಹೋದ ಮೇಲೆ ಆಟವೂ ನಿಂತಿತು. ಮುಚ್ಚಳಕ್ಕೆ ಅಂಕಿಯಿರಲಿಲ್ಲ, ಮೈದಾನಕ್ಕೆ ಫಲಕವಿರಲಿಲ್ಲ, ಮರಳಿನಲ್ಲಿ ಗೀಚಿದ ವೃತ್ತವನ್ನು ಗಾಳಿ ಅಳಿಸಿದರೆ ಮರುದಿನ ಇನ್ನೊಂದು ಗೀಚಿದರಾಯಿತು. ಒಂದು ಸಮಿತಿಯೂ ಸಭೆ ಸೇರದೆ ಇಷ್ಟೊಂದು ನಡೆದುಹೋಗಿತ್ತು.

ದೊಡ್ಡವರು ಕೈ ಹಾಕಿದ್ದು ಅರ್ಧ ಶತಮಾನದ ನಂತರ. ಫ್ರಿಸ್ಬೀ ತಯಾರಿಸುತ್ತಿದ್ದ ವ್ಯಾಮ್-ಓ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ಶಾಶ್ವತ ಅಂಗಳವನ್ನು ಹಾಕಿಸಿದರು. ಆಗ ಗುರಿಯೆಂದರೆ ಬರೀ ಕಂಬ. ತಟ್ಟೆ ಕಂಬಕ್ಕೆ ತಗುಲಿತೋ ಇಲ್ಲವೋ ಎಂಬ ಜಗಳ ನಿಲ್ಲದೆ ಹೋದಾಗ ಸರಪಳಿ ಮತ್ತು ಬುಟ್ಟಿ ಬಂದವು; 1977ರಲ್ಲಿ ಅದಕ್ಕೆ ಪೇಟೆಂಟೂ ಸಿಕ್ಕಿತು. ಅದಕ್ಕೆ ಮುಂಚೆಯೇ, 1976ರಲ್ಲಿ, ಪಿಡಿಜಿಎ ಎಂಬ ವೃತ್ತಿಪರ ಸಂಘವೂ ಹುಟ್ಟಿತ್ತು. ಹೆಡ್ರಿಕ್ ಅವರ ನಿಷ್ಠೆಯ ಬಗ್ಗೆ ಎರಡು ಮಾತಿಲ್ಲ. 2002ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ತಟ್ಟೆಗಳನ್ನೇ ಅಚ್ಚು ಹಾಕಿಸಿದರು. ನಾವು ಶ್ರೀರಂಗಪಟ್ಟಣಕ್ಕೆ ಹೋಗಿ ಕಾವೇರಿಯಲ್ಲಿ ಬಿಟ್ಟು ಬರುತ್ತೇವೆ. ಅವರನ್ನು ಅಭಿಮಾನಿಗಳು ಅಕ್ಷರಶಃ ಬುಟ್ಟಿಗೆ ಹಾಕಿಕೊಂಡರು.

ಜಗಳ ತೀರಿಸಲು ಬುಟ್ಟಿ ಬಂತಲ್ಲ, ಈಗ ಜಗಳ ಬುಟ್ಟಿಯ ಬಗ್ಗೆ. ತಟ್ಟೆ ಬುಟ್ಟಿಯ ನೆತ್ತಿಯ ಮೇಲೆ ಕುಳಿತರೆ ಲೆಕ್ಕಕ್ಕಿಲ್ಲ. ಸರಪಳಿಗೆ ಬಡಿದು ಹೊರಕ್ಕೆ ಚಿಮ್ಮಿದರೂ ಇಲ್ಲ. ನಿಮ್ಮ ಸರದಿ ಬಂದ ಮೇಲೆ ಎಸೆಯಲು ಮೂವತ್ತು ಸೆಕೆಂಡು. ಬುಟ್ಟಿಯಿಂದ ಹತ್ತು ಮೀಟರಿನೊಳಗೆ ಎಸೆದರೆ, ಎಸೆದ ಮೇಲೆ ಮುಂದಕ್ಕೆ ಕಾಲಿಡುವ ಮೊದಲು ಸಮತೋಲನ ತಪ್ಪಿಲ್ಲವೆಂದು ನಿಂತು ತೋರಿಸಬೇಕು. ತಟ್ಟೆಯ ತೂಕ ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ದಾಟಬಾರದು, ಒಟ್ಟಾರೆ 200 ಗ್ರಾಂ ಮೀರಬಾರದು. ಮೂವರು ಸಾಫ್ಟ್‌ವೇರ್ ಎಂಜಿನಿಯರುಗಳು ಶಾಲೆಯ ಕೈತೋಟದ ಪಕ್ಕದಲ್ಲಿ ನಿಂತು, ನಾಲ್ಕನೆಯವನು ಸಮತೋಲನ ತೋರಿಸಿದನೋ ಇಲ್ಲವೋ ಎಂದು ಮೊಬೈಲಿನಲ್ಲಿ ನಿಯಮಾವಳಿ ತೆರೆದು ಚರ್ಚಿಸುವುದನ್ನು ನಾನು ಕಂಡಿದ್ದೇನೆ. ಒಂದು ಬುಟ್ಟಿಗೆ ಇಷ್ಟು ಮೀಮಾಂಸೆ ನಮ್ಮ ಮಠಗಳಲ್ಲೂ ನಡೆಯಲಿಕ್ಕಿಲ್ಲ.

ಆ ನಿಯಮಾವಳಿಯ ಹಳೆಯ ಆವೃತ್ತಿಯಲ್ಲಿ ನನಗೆ ಬಹಳ ಇಷ್ಟವಾದ ಭಾಗವೊಂದಿತ್ತು. ಎಸೆಯುವವನಿಗೆ ತಾತ್ಕಾಲಿಕವಾಗಿ ಅಡ್ಡ ಬರುವ ಸಂಗತಿಗಳ ಪಟ್ಟಿ ಅದು: ವಾಹನಗಳು, ಹಾನಿಕಾರಕ ಕೀಟಗಳು ಅಥವಾ ಪ್ರಾಣಿಗಳು, ಆಟಗಾರರ ಸಾಮಾನು, ಪ್ರೇಕ್ಷಕರು. ಏಳನೆಯ ಬುಟ್ಟಿ ಜೋಕಾಲಿಯಿಂದ ಕೂಗಳತೆಯಲ್ಲಿದೆ. ಜೋಕಾಲಿಯಲ್ಲಿ ಕುಳಿತ ಎರಡನೆಯ ತರಗತಿಯ ಮಗು ತನ್ನ ಶಾಲೆಯಲ್ಲಿ, ತನ್ನ ಜೋಕಾಲಿಯಲ್ಲಿ, ಅಪ್ಪ ಅಮ್ಮನ ತೆರಿಗೆಯಲ್ಲಿ ಕಟ್ಟಿದ ಮೈದಾನದಲ್ಲಿ ಕಣಜದ ಹುಳುವಿಗೂ ನಿಲ್ಲಿಸಿದ ಕಾರಿಗೂ ನಡುವೆ ಎಲ್ಲೋ ಒಂದು ಸ್ಥಾನ ಪಡೆದಿದೆ. ಅಳಿಯನ ಗುಂಪು ಸಭ್ಯರು. ಮಗು ಇಳಿದು ಹೋಗುವ ತನಕ ಕಾಯುತ್ತಾರೆ. ಆದರೆ ಮಗುವಿಗೆ ಹೀಗೆ ಕಾಯುವ ನಾಲ್ವರು ದೊಡ್ಡವರನ್ನು ನೋಡಿ ಭಯವಾಗುತ್ತದೆ, ಅದು ಬೇಗ ಇಳಿಯುತ್ತದೆ. ಅದನ್ನು ಅವರು ಸಹಕಾರ ಎನ್ನುತ್ತಾರೆ.

ಈ ದೇಶದ ಶಾಲೆಗಳು ಮಕ್ಕಳ ಮೈಗೆ ಗೀರು ಬೀಳದಂತೆ ಕಾಯುವುದರಲ್ಲಿ ಹಿಂದೆ ಬಿದ್ದವಲ್ಲ. 2006ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಆಟಲ್‌ಬರೋದಲ್ಲಿ ಪ್ರಾಥಮಿಕ ಶಾಲೆಯೊಂದು ಬಿಡುವಿನ ವೇಳೆಯ ಮುಟ್ಟಾಟವನ್ನೇ ನಿಷೇಧಿಸಿತು. 2010ರಲ್ಲಿ ವೆಸ್ಟ್ ವರ್ಜೀನಿಯಾದ ಕ್ಯಾಬೆಲ್ ಕೌಂಟಿಯ ಶಾಲಾ ಆಡಳಿತ, ಮೊಕದ್ದಮೆಗಳಿಗೆ ಬೇಸತ್ತು, ಜೋಕಾಲಿಗಳನ್ನು ಕಿತ್ತುಹಾಕಲು ತೀರ್ಮಾನಿಸಿತು. ಒಂದು ಮಗು ಇನ್ನೊಂದರ ಹೆಗಲು ಮುಟ್ಟಿದರೆ ಅಪಾಯ. ನೂರೆಪ್ಪತ್ತೈದು ಗ್ರಾಂ ತೂಕದ, ನುರಿತ ಕೈಯಿಂದ ಹೊರಟರೆ ಗಂಟೆಗೆ ನೂರು ಕಿಲೋಮೀಟರ್ ದಾಟಬಲ್ಲ ಗಟ್ಟಿ ಅಂಚಿನ ತಟ್ಟೆಯಾದರೆ ಸಮುದಾಯದ ಆರೋಗ್ಯ. ನಮ್ಮ ಶಾಲೆಯವರಿಗೆ ಇದರ ಅರಿವಿಲ್ಲದೆ ಏನಲ್ಲ. ಪ್ರತಿ ಕಂಬದ ಬಳಿ ಪ್ರಾಯೋಜಕರ ಹೆಸರಿನ ಹಲಗೆಯಿದೆ: ಮೂರನೆಯದು ಮಕ್ಕಳ ದಂತವೈದ್ಯರದು, ಐದನೆಯದು ಮನೆ ಮಾರಿಕೊಡುವವರದು, ಜೋಕಾಲಿಯ ಪಕ್ಕದ ಏಳನೆಯದು ಅಪಘಾತ ಪರಿಹಾರ ಕೊಡಿಸುವ ವಕೀಲರದು. ಈ ಜಾಗಕ್ಕೆ ಈ ವಕೀಲರು ಎಂದು ನಿರ್ಧರಿಸಿದ ಸಮಿತಿಯ ದೂರದೃಷ್ಟಿಗೆ ನಾನು ತಲೆಬಾಗುತ್ತೇನೆ.

ಹಾಗಾದರೆ ಶಾಲೆಯ ಮಕ್ಕಳು ಈ ಆಟವನ್ನು ಆಡುವುದೇ ಇಲ್ಲವೇ? ಆಡುತ್ತಾರೆ. “ತಾತ, ಗುರುವಾರ ನಮಗೂ ಡಿಸ್ಕ್ ಗಾಲ್ಫ್ ಇದೆ” ಎಂದು ಮೊಮ್ಮಗ ಕುಣಿದುಕೊಂಡು ಬಂದ. ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಬೇಕಾದ ಒಪ್ಪಿಗೆ ಪತ್ರವೂ ಬಂತು. ಗುರುವಾರ ಸಂಜೆ ವಿಚಾರಿಸಿದರೆ, ಅವರನ್ನು ಆಡಿಸಿದ್ದು ವ್ಯಾಯಾಮದ ಸಭಾಂಗಣದೊಳಗೆ. ಎಸೆಯಲು ಸ್ಪಂಜಿನ ತಟ್ಟೆ, ಗುರಿಯಾಗಿ ಒಗೆಯುವ ಬಟ್ಟೆ ಹಾಕುವ ಪ್ಲಾಸ್ಟಿಕ್ ಬುಟ್ಟಿ. ಕಿಟಕಿಯಾಚೆ ಒಂಬತ್ತು ಕಬ್ಬಿಣದ ಬುಟ್ಟಿಗಳು ಬಿಸಿಲು ಕಾಯುತ್ತಿದ್ದವಂತೆ. ಅವು ಸಾರ್ವಜನಿಕರದು, ಮಕ್ಕಳ ವಿಮೆ ಅಲ್ಲಿಯವರೆಗೆ ಮುಟ್ಟುವುದಿಲ್ಲ. ಅದೇ ವಾರ ಅವನ ತರಗತಿಯ ಹುಡುಗನೊಬ್ಬ ಊಟದ ಮನೆಯಲ್ಲಿ ಮೊಸರಿನ ಡಬ್ಬಿಯ ಮುಚ್ಚಳವನ್ನು ಕಸದ ತೊಟ್ಟಿಗೆ ಗುರಿಯಿಟ್ಟು ಎಸೆದ. ಮುಚ್ಚಳ ಸರಿಯಾಗಿ ತೊಟ್ಟಿಗೇ ಬಿತ್ತು. ಅನುಮತಿಯಿಲ್ಲದೆ ವಸ್ತುವನ್ನು ಎಸೆದದ್ದಕ್ಕಾಗಿ ಮನೆಗೆ ಪತ್ರ ಹೋಯಿತು.

ಬೆಂಗಳೂರಿನಲ್ಲಿರುವ ಇನ್ನೊಬ್ಬ ಮೊಮ್ಮಗನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆಂದು ಬರೆದಿದೆಯಲ್ಲ, ನಿಮ್ಮಲ್ಲಿ ಹೇಗೆ ಎಂದು ಕೇಳಿದೆ. “ಇದೆ ತಾತ, ತುಂಬಾ ದೊಡ್ಡದು. ಶಾಲೆಯ ಬಸ್ಸುಗಳೆಲ್ಲ ಅಲ್ಲೇ ನಿಲ್ಲುವುದು” ಎಂದ. ಅಲ್ಲಿ ಫಲಕದ ಖರ್ಚಾದರೂ ಉಳಿದಿದೆ.

ಇನ್ನು ಛಾವಣಿಯ ವಿಷಯ. ತಟ್ಟೆ ಎಸೆಯುವವರು ಸತ್ತ ಮೇಲೆ ಎಲ್ಲಿಗೂ ಹೋಗುವುದಿಲ್ಲ, ಛಾವಣಿಯ ಮೇಲೆ ಹೋಗಿ ಬಿದ್ದುಕೊಳ್ಳುತ್ತಾರೆ ಎಂದು ಹೆಡ್ರಿಕ್ ತಮಾಷೆ ಮಾಡುತ್ತಿದ್ದರಂತೆ. ಶಾಲೆಯ ಛಾವಣಿ ಚಪ್ಪಟೆಯಾಗಿದೆ. ಅಲ್ಲಿ ಈಗ ಸಾಕಷ್ಟು ಜನ ಸೇರಿದ್ದಾರೆ. ಇಳಿಸಿಕೊಡಿ ಎಂದು ಕೇಳಲು ಒಂದು ನಮೂನೆಯಿದೆ. ತಟ್ಟೆಯ ಬಣ್ಣ, ತೂಕ, ಬಿದ್ದ ದಿನಾಂಕ, ಬಿದ್ದ ಸಮಯ ಬರೆಯಬೇಕು. ಬಿದ್ದ ಸಮಯ ಮೈದಾನ ಮುಚ್ಚಿದ್ದ ಹೊತ್ತಾಗಿದ್ದರೆ ಅರ್ಜಿಯೇ ಅತಿಕ್ರಮ ಪ್ರವೇಶದ ಒಪ್ಪಿಗೆಯಾಗುತ್ತದೆ. ಅದರಿಂದ ಯಾರೂ ಅರ್ಜಿ ಹಾಕುವುದಿಲ್ಲ. ದೂರುಗಳೇ ಬಂದಿಲ್ಲವಾದ್ದರಿಂದ ವ್ಯವಸ್ಥೆ ಚೆನ್ನಾಗಿ ನಡೆಯುತ್ತಿದೆ ಎಂದು ಶಾಲೆಯ ವರದಿಯಲ್ಲಿ ಬರೆದಿದ್ದಾರೆ.

ಕಳೆದ ತಿಂಗಳ ಶಾಲಾ ಮಂಡಳಿಯ ಸಭೆಗೆ ಅಳಿಯನ ಜೊತೆ ನಾನೂ ಹೋಗಿದ್ದೆ. ಸಾರ್ವಜನಿಕರಿಗೆ ತಲಾ ಮೂರು ನಿಮಿಷ ಮಾತು. ಜೋಕಾಲಿಗೂ ಏಳನೆಯ ಬುಟ್ಟಿಗೂ ನಡುವಿನ ಅಂತರ ಸಾಲದು ಎಂದು ತಾಯಿಯೊಬ್ಬರು ಹೇಳಿದರು. ಮಂಡಳಿ ಬಹಳ ಗಂಭೀರವಾಗಿ ಕೇಳಿಸಿಕೊಂಡು, ಒಪ್ಪಿಕೊಂಡು, ಜೋಕಾಲಿಯನ್ನು ಸ್ಥಳಾಂತರಿಸುವ ಠರಾವನ್ನು ಮಂಡಿಸಿತು. ಬುಟ್ಟಿಯ ಕಂಬಕ್ಕೆ ಕಾಂಕ್ರೀಟು ಹಾಕಿದೆ, ವಕೀಲರ ಒಪ್ಪಂದ ಇನ್ನೂ ಮೂರು ವರ್ಷ ಇದೆ. ಜೋಕಾಲಿಗೆ ಯಾವ ಒಪ್ಪಂದವೂ ಇಲ್ಲ. ಠರಾವಿನ ಪರ ಆರು ಮತ, ವಿರೋಧ ಒಂದು. ವಿರೋಧಿಸಿದ ಸದಸ್ಯೆಗೆ ಜೋಕಾಲಿ ಎಲ್ಲಿಗೆ ಹೋದರೂ ತಕರಾರಿರಲಿಲ್ಲ. ಬುಟ್ಟಿಗಳ ಹಳದಿ ಬಣ್ಣ ಶಾಲೆಯ ಬಣ್ಣಗಳಿಗೆ ಹೊಂದುವುದಿಲ್ಲ ಎಂಬುದು ಅವರ ಆಕ್ಷೇಪವಾಗಿತ್ತು. ಅದನ್ನು ಪರಿಶೀಲಿಸಲು ಒಂದು ಉಪಸಮಿತಿಯನ್ನು ನೇಮಿಸಲಾಯಿತು.